ತಾಲ್ಲೂಕು ಆಸ್ಪತ್ರೆಯ ಡಯಾಲಿಸಿಸ್ ಘಟಕ: ಮನವಿಯನ್ನು ಯಾರಿಗೆ ಸಲ್ಲಿಸಬೇಕು?

ಮಲೆನಾಡಿಗ:
ನಮ್ಮ ತಂದೆಯವರಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ವಾರಕ್ಕೆ ಎರಡು ಬಾರಿ ಉಚಿತವಾಗಿ ಡಯಾಲಿಸಿಸ್ ನಡೆಯುತ್ತಿದೆ. ಸಿಬ್ಬಂದಿಯ ಮೇಲೆ ನಮಗೆ ದೂರಿಲ್ಲ. ಆದರೆ ಯಂತ್ರ ಕೆಟ್ಟರೆ ದುರಸ್ತಿಗೆ ವಾರಗಟ್ಟಲೆ ಹಿಡಿಯುತ್ತದೆ. ಹಿಮೋಗ್ಲೋಬಿನ್ ಇಳಿದಾಗ ಕೊಡುವ ಎರಿತ್ರೋಪೊಯೆಟಿನ್ ಚುಚ್ಚುಮದ್ದನ್ನು ಆಗಾಗ ಹೊರಗಿನಿಂದ ತರಬೇಕಾಗುತ್ತದೆ. ರೋಗಿಗಳ ಮನೆಯವರೆಲ್ಲ ಸೇರಿ ಮುಖ್ಯಮಂತ್ರಿಯವರಿಗೆ ಮನವಿ ಸಲ್ಲಿಸಿದರೆ ಪ್ರಯೋಜನವಾದೀತೇ? ದೂರು ಕೊಟ್ಟವರ ಸರದಿ ತಪ್ಪೀತೆಂಬ ಅಂಜಿಕೆಯೂ ಕೆಲವರಿಗಿದೆ.

ನಿವೃತ್ತ ಗುಮಾಸ್ತ:
ಸಲ್ಲಿಸಬಹುದು, ಆದರೆ ಅದು ಮೇಜಿನಿಂದ ಮೇಜಿಗೆ ಇಳಿದು ಕೊನೆಗೆ ನಿಮ್ಮ ಜಿಲ್ಲೆಯ ಆರೋಗ್ಯಾಧಿಕಾರಿಗಳ ಕಚೇರಿಗೇ ಬರುತ್ತದೆ. ಅನೇಕ ತಾಲ್ಲೂಕುಗಳಲ್ಲಿ ಈ ಘಟಕಗಳನ್ನು ಖಾಸಗಿ ಸಂಸ್ಥೆಗಳು ಸರ್ಕಾರದೊಡನೆ ಕರಾರು ಮಾಡಿಕೊಂಡು ನಡೆಸುತ್ತವೆ. ದುರಸ್ತಿ ಯಾರ ಹೊಣೆ, ಚುಚ್ಚುಮದ್ದನ್ನು ಯಾರು ಒದಗಿಸಬೇಕು ಎಂಬುದನ್ನು ಮೊದಲು ಆ ಕರಾರಿನಲ್ಲೇ ನೋಡಬೇಕು. ಆದ್ದರಿಂದ ಮೊದಲು ಹತ್ತು ರೂಪಾಯಿ ಶುಲ್ಕದೊಂದಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ ಕರಾರಿನ ಪ್ರತಿಯನ್ನು ಕೇಳಿ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದ ಮೀರಬಾರದು. ಎಲ್ಲವನ್ನೂ ಒಂದರಲ್ಲೇ ತುರುಕಿದರೆ ತಿರಸ್ಕರಿಸಲು ನೆಪ ಸಿಕ್ಕಂತಾಗುತ್ತದೆ. ಉತ್ತರಕ್ಕೆ 30 ದಿನಗಳ ಗಡುವಿದೆ. ಬಳಿಕ ಶಾಸಕರ ಅಧ್ಯಕ್ಷತೆಯ ಆರೋಗ್ಯ ರಕ್ಷಾ ಸಮಿತಿಯ ಸಭೆಗೆ ಹೋಗಿ. ಸಹಿ ಮನೆಯವರದ್ದಿರಲಿ, ಎಲ್ಲರದ್ದೂ ಒಂದೇ ಹಾಳೆಯಲ್ಲಿರಲಿ. ಆಗ ಯಾರೊಬ್ಬರನ್ನೂ ಬೊಟ್ಟು ಮಾಡಲಾಗದು.

ಡಯಾಲಿಸಿಸ್ ತಂತ್ರಜ್ಞ:
ಇಂದಿನಿಂದಲೇ ಒಂದು ನೋಟ್‌ಬುಕ್ ಇಡಿ. ದಿನಾಂಕ, ಯಂತ್ರದ ಸಂಖ್ಯೆ, ಹತ್ತಿಸಿದ ಮತ್ತು ಇಳಿಸಿದ ಹೊತ್ತು, ಮೊದಲಿನ ಹಾಗೂ ನಂತರದ ತೂಕ, ಇಷ್ಟು ಸಾಕು. ನಾಲ್ಕು ಗಂಟೆಯ ಡಯಾಲಿಸಿಸ್ ಮೂರಕ್ಕೇ ಮುಗಿಯುತ್ತಿದ್ದರೆ ಅದು ಅಲ್ಲಿ ಎದ್ದು ಕಾಣುತ್ತದೆ. ಇನ್ನೊಂದು ಮಾತು: ನಾಲ್ಕು ಗಂಟೆಗೆ ಒಬ್ಬ ರೋಗಿಗೆ ಸುಮಾರು 120 ಲೀಟರ್ ಡಯಾಲಿಸಿಸ್ ದ್ರವ ಹರಿಯುತ್ತದೆ. ಅದಕ್ಕೆ ಬೇಕಾದ ನೀರನ್ನು ಶುದ್ಧೀಕರಿಸುವ ಆರ್‌ಒ ಘಟಕ ಕೈಕೊಟ್ಟರೆ ಎಷ್ಟು ಯಂತ್ರಗಳಿದ್ದರೂ ನಿಂತೇ ಹೋಗುತ್ತವೆ. ಆದ್ದರಿಂದ ಹೊಸ ಯಂತ್ರಕ್ಕಿಂತ ಮೊದಲು ನೀರಿನ ಪರೀಕ್ಷಾ ವರದಿಯನ್ನು ಕೇಳಿ.

ಹಳೆಯ ಓದುಗ:
1971ರಲ್ಲಿ ಅಮೆರಿಕದಲ್ಲಿ ಶೆಪ್ ಗ್ಲೇಜರ್ ಎಂಬ ರೋಗಿ ಸಂಸತ್ ಸಮಿತಿಯ ಎದುರೇ ಡಯಾಲಿಸಿಸ್ ಮಾಡಿಸಿಕೊಂಡರು. ಮರುವರ್ಷವೇ ಮೂತ್ರಪಿಂಡ ವೈಫಲ್ಯದ ಚಿಕಿತ್ಸೆಯನ್ನು ಅಲ್ಲಿನ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ಗೆ ಸೇರಿಸುವ ಕಾನೂನಾಯಿತು. ಆ ಪ್ರದರ್ಶನವೊಂದೇ ಇದಕ್ಕೆ ಕಾರಣವೆಂದು ನಾನು ನಂಬುವುದಿಲ್ಲ, ನಿಮ್ಮ ತಂದೆಯವರನ್ನು ಸಭೆಗೆ ಕರೆದೊಯ್ಯಿರೆಂದೂ ಹೇಳುವುದಿಲ್ಲ. ಆದರೆ ದುರಸ್ತಿಗೆ ಗಡುವು, ತಪ್ಪಿದರೆ ದಂಡ ಎಂಬ ಷರತ್ತುಗಳು ಮುಂದಿನ ಟೆಂಡರಿನಲ್ಲೇ ಸೇರಬೇಕೆಂದು ಆರೋಗ್ಯ ಇಲಾಖೆಯ ಆಯುಕ್ತರಿಗೆ ಬರೆಯಿರಿ. ಅಕ್ಕಪಕ್ಕದ ತಾಲ್ಲೂಕುಗಳ ರೋಗಿಗಳ ಮನೆಯವರೂ ಅದಕ್ಕೆ ಸಹಿ ಹಾಕಲಿ.