ಜನ ನಡೆಯದಿದ್ದರೆ ತಪ್ಪು ಯಾರದು? ಸಾರ್ವಜನಿಕ ಆರೋಗ್ಯ ವೈದ್ಯೆಯ ಜೊತೆ ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಮೇಡಂ. "ದಿನಾ ಅರ್ಧ ಗಂಟೆ ನಡೆಯಿರಿ" ಎಂದು ಪೋಸ್ಟರ್, ಟಿವಿ, ಮೊಬೈಲ್ ಎಲ್ಲ ಕಡೆ ಹೇಳುತ್ತಾರೆ. ಈ ಮಾತು ಗೊತ್ತಿಲ್ಲದವರೇ ಇಲ್ಲ. ಆದರೂ ನಡೆಯುವವರು ಕಡಿಮೆ. ಇದು ಸೋಮಾರಿತನ ಅಲ್ವಾ? ಸರ್ಕಾರ ಏನು ಮಾಡೋಕಾಗುತ್ತೆ, ಕೋಲು ಹಿಡಿದು ನಡೆಸೋಕಾಗುತ್ತಾ?

ಉತ್ತರ: ಸೋಮಾರಿತನ ಅಂದುಬಿಟ್ಟರೆ ಲೆಕ್ಕ ತಾಳೆಯಾಗುವುದಿಲ್ಲ. ದೊಡ್ಡವರು ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆಯಂಥ ಚಟುವಟಿಕೆ ಮಾಡಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಷ್ಟೂ ಮಾಡದವರು 2010ರಲ್ಲಿ ಜಗತ್ತಿನಲ್ಲಿ ಸುಮಾರು ಶೇ 26 ಇದ್ದರು. 2022ರ ಹೊತ್ತಿಗೆ ಶೇ 31 ಆದರು. ಹನ್ನೆರಡು ವರ್ಷದಲ್ಲಿ ಕೋಟಿಗಟ್ಟಲೆ ಜನ ಒಟ್ಟಿಗೇ ಸೋಮಾರಿಗಳಾದರೇ? ಬದಲಾಗಿದ್ದು ಕೆಲಸದ ರೀತಿ, ಓಡಾಟದ ರೀತಿ, ಊರು ಬೆಳೆದ ರೀತಿ.

ಈ ವಿಷಯದಲ್ಲಿ ನನಗೆ ತುಂಬಾ ಇಷ್ಟವಾದ ಅಧ್ಯಯನ ಒಂದಿದೆ. 1953ರಲ್ಲಿ ಜೆರ್ರಿ ಮಾರಿಸ್ ಎಂಬ ವೈದ್ಯರು ಲಂಡನ್ನಿನ ಡಬಲ್ ಡೆಕ್ಕರ್ ಬಸ್ ಸಿಬ್ಬಂದಿಯ ಹೃದ್ರೋಗದ ಲೆಕ್ಕ ಪ್ರಕಟಿಸಿದರು. ದಿನವಿಡೀ ಕೂತಿರುವ ಡ್ರೈವರ್‌ಗಳಿಗಿಂತ ಕಂಡಕ್ಟರ್‌ಗಳಲ್ಲಿ ಕಾಯಿಲೆ ಕಡಿಮೆ ಇತ್ತು. ಆರೋಗ್ಯದ ಪಾಠ ಕೇಳಿ ಅವರೇನೂ ಮೆಟ್ಟಿಲು ಹತ್ತಿಳಿದವರಲ್ಲ. ಟಿಕೆಟ್ ಕೊಡಬೇಕಿತ್ತು, ಹತ್ತಿದರು. (ಡ್ರೈವರ್‌ಗಳ ಸೊಂಟ ಕೆಲಸಕ್ಕೆ ಸೇರುವಾಗಲೇ ಸ್ವಲ್ಪ ದಪ್ಪ ಇತ್ತು ಎಂದು ಆಮೇಲೆ ಮಾರಿಸ್ ಅವರೇ ಸಮವಸ್ತ್ರದ ಅಳತೆ ನೋಡಿ ಕಂಡುಕೊಂಡರು. ಹಾಗಾಗಿ ಪೂರ್ತಿ ಶ್ರೇಯಸ್ಸು ಮೆಟ್ಟಿಲಿಗಲ್ಲ.)

ಸರ್ಕಾರದ ಕೆಲಸ ಇರುವುದು ಇಲ್ಲೇ. ಸಂಕಲ್ಪ ಮಾಡಬೇಕಾದ ಅಗತ್ಯವೇ ಇಲ್ಲದೆ ಮೈ ಆಡುವ ಹಾಗೆ ದಿನಚರಿ ಇರಬೇಕು. ಬಸ್ ಸ್ಟಾಪಿಗೆ ನಡೆದುಹೋಗಲು ಒಳ್ಳೆಯ ಫುಟ್‌ಪಾತ್, ಶಾಲೆಗೆ ಮಗು ಒಬ್ಬನೇ ಹೋಗಬಹುದಾದ ರಸ್ತೆ, ಅಂಗಡಿ ನಡೆಯುವ ದೂರದಲ್ಲೇ ಇರುವ ಬಡಾವಣೆ. ಇದ್ಯಾವುದೂ ಆರೋಗ್ಯ ಇಲಾಖೆಯ ಕೈಯಲ್ಲಿಲ್ಲ ಎನ್ನುವುದೇ ತೊಡಕು. 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಕ್ರಿಯಾ ಯೋಜನೆ ತಂದಿತು. ದೈಹಿಕ ಚಟುವಟಿಕೆಯ ಕೊರತೆಯನ್ನು 2030ರೊಳಗೆ ಶೇ 15ರಷ್ಟು ತಗ್ಗಿಸುವುದು ಅದರ ಗುರಿ. ಅದರಲ್ಲಿ ಹೇಳಿದ 20 ಕ್ರಮಗಳನ್ನು ಓದಿದರೆ ಸಾರಿಗೆ, ಶಿಕ್ಷಣ, ನಗರ ಯೋಜನೆಯವರ ಹೆಸರೇ ಮತ್ತೆ ಮತ್ತೆ ಬರುತ್ತದೆ.

ಪೋಸ್ಟರ್ ದಂಡ ಅಂತ ಹೇಳುತ್ತಿಲ್ಲ. ಅದೊಂದನ್ನೇ ನಂಬಿ ಕೂರಬಾರದು ಅಷ್ಟೆ.

ಇನ್ನೊಬ್ಬ ಸದಸ್ಯರು: ಹಾಗಾದರೆ ಪಾರ್ಕಿನಲ್ಲಿ ಓಪನ್ ಜಿಮ್, ವರ್ಷಕ್ಕೊಮ್ಮೆ ಮ್ಯಾರಥಾನ್, ಹೆಜ್ಜೆ ಎಣಿಸಿದರೆ ಬಹುಮಾನ ಕೊಡುವ ಆಪ್, ಇವೆಲ್ಲ ಸುಮ್ನೆನಾ?

ಉತ್ತರ: ಮೂರನ್ನೂ ಒಂದೇ ತಕ್ಕಡಿಗೆ ಹಾಕುವುದು ಬೇಡ. ಮ್ಯಾರಥಾನ್‌ಗೆ ಬರುವವರು ಹೆಚ್ಚಾಗಿ ಮೊದಲೇ ಓಡುವವರು. ಬಹುಮಾನದಿಂದ ಹೆಜ್ಜೆ ಏರುವುದು ನಿಜ, ಆದರೆ ಬಹುಮಾನ ನಿಂತ ಮೇಲೆ ಆ ಏರಿಕೆ ಬಹಳ ಕುಗ್ಗುತ್ತದೆ. ಓಪನ್ ಜಿಮ್ ಎಲ್ಲರಿಗೂ ಇಷ್ಟ, ಯಾಕೆಂದರೆ ಫೋಟೋಗೆ ಚೆನ್ನಾಗಿ ಬರುತ್ತದೆ, ಉದ್ಘಾಟನೆ ಮಾಡಬಹುದು. ಸರಿಪಡಿಸಿದ ಫುಟ್‌ಪಾತಿಗೆ ಯಾರು ರಿಬ್ಬನ್ ಕತ್ತರಿಸುತ್ತಾರೆ ಹೇಳಿ?

ಬರೀ ಉಪಕರಣ ಇಟ್ಟು ಹೋಗುವುದಕ್ಕಿಂತ, ಅಲ್ಲಿ ಹೇಳಿಕೊಡುವವರು ಇದ್ದರೆ ಫಲ ಜಾಸ್ತಿ. ಬ್ರೆಜಿಲ್‌ನ ರೆಸಿಫೆ ನಗರದಲ್ಲಿ 2002ರಿಂದ ಸಾರ್ವಜನಿಕ ಜಾಗಗಳಲ್ಲಿ ತರಬೇತುದಾರರನ್ನಿಟ್ಟು ಉಚಿತ ವ್ಯಾಯಾಮ ತರಗತಿ ನಡೆಸಿದರು. ಮುಂದೆ 2011ರಲ್ಲಿ ಅದೇ ಮಾದರಿ ದೇಶದ ಕಾರ್ಯಕ್ರಮವಾಯಿತು. ಕೊಲಂಬಿಯಾದ ಬೊಗೊಟಾದಲ್ಲಿ 1974ರಲ್ಲಿ ಶುರುವಾದ ಸಿಕ್ಲೋವಿಯಾ ಇವತ್ತಿಗೂ ಇದೆ. ಪ್ರತಿ ಭಾನುವಾರ, ರಜಾದಿನ ಬೆಳಿಗ್ಗೆ 7ರಿಂದ ಮಧ್ಯಾಹ್ನ 2ರವರೆಗೆ 100 ಕಿಲೋಮೀಟರಿಗೂ ಹೆಚ್ಚು ರಸ್ತೆ ಕಾರುಗಳಿಗೆ ಬಂದ್, ನಡೆಯುವವರಿಗೆ, ಸೈಕಲ್ ತುಳಿಯುವವರಿಗೆ ಮುಕ್ತ. ಅದರ ಬಲ ಇರುವುದು ವಾರ ತಪ್ಪದೆ ನಡೆಯುವುದರಲ್ಲಿ.

ಒಬ್ಬ ಶಿಕ್ಷಕಿ: ಶಾಲೆಯ ಬಗ್ಗೆ ಹೇಳಿ ಮೇಡಂ. ಪರೀಕ್ಷೆ ಹತ್ತಿರ ಬಂದರೆ ಮೊದಲು ಹೋಗುವುದೇ ಆಟದ ಪೀರಿಯಡ್. ಅದರಲ್ಲೂ ದೊಡ್ಡ ಹುಡುಗಿಯರು ಮೈದಾನಕ್ಕೇ ಇಳಿಯುವುದಿಲ್ಲ.

ಉತ್ತರ: ನೀವು ನೋಡುತ್ತಿರುವುದೇ ಅಂಕಿಅಂಶದಲ್ಲೂ ಇದೆ. 11ರಿಂದ 17ರ ವಯಸ್ಸಿನವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಚಟುವಟಿಕೆ ಬೇಕು. 2016ರ ಜಾಗತಿಕ ಲೆಕ್ಕದಲ್ಲಿ ಅಷ್ಟು ಸಿಗದ ಹುಡುಗರು ಶೇ 78, ಹುಡುಗಿಯರು ಶೇ 85.

ಪೀರಿಯಡ್ ಉಳಿಸಿಕೊಳ್ಳಿ, ಆದರೆ ಅದರೊಳಗೆ ಮಕ್ಕಳು ನಿಜವಾಗಿ ಎಷ್ಟು ಹೊತ್ತು ಓಡುತ್ತಾರೆ ಎಂದೂ ನೋಡಿ. ಸಾಲಿನಲ್ಲಿ ನಿಂತು ಸರದಿ ಕಾಯುವುದರಲ್ಲೇ ಅರ್ಧ ಹೊತ್ತು ಹೋಗಿರುತ್ತದೆ. 2012ರಲ್ಲಿ ಸ್ಕಾಟ್ಲೆಂಡಿನ ಒಂದು ಪ್ರಾಥಮಿಕ ಶಾಲೆ ಶುರು ಮಾಡಿದ 'ಡೈಲಿ ಮೈಲ್' ನನಗೆ ಹಿಡಿಸಿದ್ದು ಅದಕ್ಕೇ. ತೊಟ್ಟ ಬಟ್ಟೆಯಲ್ಲೇ 15 ನಿಮಿಷ ಹೊರಗೆ ಓಡು, ಸುಸ್ತಾದರೆ ನಡೆ. ಸ್ಪರ್ಧೆ ಇಲ್ಲ, ಸಾಮಾನು ಬೇಡ. ಹುಡುಗಿಯರ ವಿಷಯದಲ್ಲಿ ಮೊದಲು ಅವರನ್ನೇ ಕೇಳಿ. ಸಮವಸ್ತ್ರ, ಶೌಚಾಲಯ, ನೋಡುತ್ತ ನಿಲ್ಲುವ ಕಣ್ಣುಗಳು, ಇವುಗಳಲ್ಲಿ ಒಂದು ಉತ್ತರವಾಗಿ ಬರುವ ಸಾಧ್ಯತೆಯೇ ಹೆಚ್ಚು.

ಮತ್ತೊಬ್ಬ ಸದಸ್ಯೆ: ನಮ್ಮ ಯಜಮಾನರು ದಿನವಿಡೀ ಗೋದಾಮಿನಲ್ಲಿ ಮೂಟೆ ಹೊರುತ್ತಾರೆ. ಅವರಿಗೂ ವಾಕಿಂಗ್ ಹೋಗಿ ಅನ್ನಬೇಕಾ?

ಉತ್ತರ: ಬೇಡಮ್ಮ, ಮೊದಲು ವಿಶ್ರಾಂತಿ ಬೇಕು. ಬಿಡುವಿನಲ್ಲಿ ಇಷ್ಟಪಟ್ಟು ಮಾಡುವ ವ್ಯಾಯಾಮದಿಂದ ಸಿಗುವ ಲಾಭ, ಗಂಟೆಗಟ್ಟಲೆ ಭಾರ ಎತ್ತುವ ಕೆಲಸದಿಂದ ಹಾಗೇ ಸಿಗುವುದಿಲ್ಲ ಎಂದು ಹಲವು ಅಧ್ಯಯನಗಳು ತೋರಿಸಿವೆ. ತಜ್ಞರಲ್ಲಿ ಈ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ಅಂಥವರಿಗೆ ಬೇಕಾಗಿರುವುದು ಕೆಲಸದ ಅವಧಿಗೆ ಮಿತಿ, ನಡುವೆ ಬಿಡುವು, ಭಾರ ಎತ್ತಲು ಯಂತ್ರ. ಕಾರ್ಮಿಕ ಕಾನೂನೂ ಈ ನೀತಿಯ ಭಾಗವೇ. ಆಫೀಸಿನಲ್ಲಿ ಕೂತವರನ್ನೇ ಮನಸ್ಸಿನಲ್ಲಿಟ್ಟು ಯೋಜನೆ ಬರೆಯುವವರಿಗೆ ಇದು ಹೊಳೆಯುವುದೇ ಇಲ್ಲ.

ಪ್ರಶ್ನೆ (ಮೊದಲ ಸದಸ್ಯರು): ಒಪ್ಪಿದೆ ಮೇಡಂ. ಆದರೆ ಕಾರಿನ ಜಾಗ ಕಿತ್ತುಕೊಂಡರೆ ಜನ ಬಿಡ್ತಾರಾ? ಮುಂದಿನ ಚುನಾವಣೆಯಲ್ಲಿ ಮನೆಗೆ ಕಳಿಸುತ್ತಾರೆ.

ಉತ್ತರ: ಸ್ಟಾಕ್‌ಹೋಮ್ ನೋಡಿ. 2006ರ ಜನವರಿಯಲ್ಲಿ ನಗರದೊಳಗೆ ಬರುವ ಕಾರುಗಳಿಗೆ ಪ್ರಾಯೋಗಿಕವಾಗಿ ಶುಲ್ಕ ಹಾಕಿದರು. ಅದಕ್ಕೆ ಮುಂಚೆ ಹೆಚ್ಚಿನ ಜನ ವಿರೋಧಿಸಿದ್ದರು. ಗಡಿ ದಾಟುವ ವಾಹನ ಸುಮಾರು ಶೇ 20 ತಗ್ಗಿತು. ಪ್ರಯೋಗ ಮುಗಿದ ಮೇಲೆ ಸೆಪ್ಟೆಂಬರಿನಲ್ಲಿ ಜನಮತ ಕೇಳಿದಾಗ ನಗರದ ಮತದಾರರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಜನ ಒಪ್ಪಿದರು. ಅದು ವ್ಯಾಯಾಮಕ್ಕಾಗಿ ಮಾಡಿದ್ದಲ್ಲ, ಟ್ರಾಫಿಕ್‌ಗಾಗಿ. ಆದರೂ ಮೊದಲು ರುಚಿ ತೋರಿಸಿ ಆಮೇಲೆ ಕೇಳುವ ಆ ಕ್ರಮ ಇಲ್ಲಿಗೂ ಹೊಂದುತ್ತದೆ. ಬಸ್ ಹೆಚ್ಚಿಸದೆ ಕಾರು ತಡೆಯಲು ಹೊರಟರೆ ಮಾತ್ರ ನೀವು ಹೇಳಿದ ಹಾಗೇ ಆಗುತ್ತದೆ.

ಪ್ರಶ್ನೆ: ಕೊನೆಯದಾಗಿ, ಒಂದು ರಸ್ತೆ ಸರಿ ಮಾಡಿದ ಮೇಲೆ ಅದರಿಂದ ಪ್ರಯೋಜನ ಆಯಿತಾ ಅಂತ ತಿಳಿಯೋದು ಹೇಗೆ?

ಉತ್ತರ: ಖರ್ಚಾದ ಹಣ, ಹಾಕಿದ ಬೆಂಚು ಎಣಿಸಿ ವರದಿ ಬರೆಯುತ್ತಾರೆ. ಅದರ ಬದಲು ಜನರನ್ನು ಎಣಿಸಿ. ಅದರಲ್ಲೂ ಹೆಂಗಸರು, ಮಕ್ಕಳು, ವಯಸ್ಸಾದವರನ್ನು ಬೇರೆ ಬೇರೆಯಾಗಿ. ರಸ್ತೆ ದಾಟುವ ಸಿಗ್ನಲ್ಲನ್ನು ಹಲವು ಕಡೆ ಸೆಕೆಂಡಿಗೆ 1.2 ಮೀಟರ್ ನಡೆಯುವವರಿಗೆ ಸರಿಯಾಗಿ ಇಟ್ಟಿರುತ್ತಾರೆ. ಇಂಗ್ಲೆಂಡಿನಲ್ಲಿ 65 ದಾಟಿದವರ ನಡಿಗೆ ಅಳೆದಾಗ ಬಹುಪಾಲು ಜನ ಅದಕ್ಕಿಂತ ನಿಧಾನ ಇದ್ದರು. ಒಟ್ಟು ಸಂಖ್ಯೆ ಏರಿದರೂ ಅಜ್ಜಿ ಮನೆಯಲ್ಲೇ ಉಳಿದಿದ್ದರೆ ಅದು ಒಟ್ಟು ಲೆಕ್ಕದಲ್ಲಿ ಕಾಣುವುದಿಲ್ಲ.

ಕೆಲಸ ಶುರುವಾಗುವ ಮುಂಚೆ ಒಮ್ಮೆ, ಮುಗಿದು ಕೆಲವು ತಿಂಗಳಾದ ಮೇಲೆ ಒಮ್ಮೆ ಎಣಿಸಿ. ಕಾಮಗಾರಿ ಆಗದ ಇನ್ನೊಂದು ರಸ್ತೆಯಲ್ಲೂ ಅದೇ ದಿನ ಎಣಿಸಿ. ಇಲ್ಲದಿದ್ದರೆ ಜನ ಹೆಚ್ಚಿದ್ದು ರಸ್ತೆಯಿಂದಲೋ ಒಳ್ಳೆಯ ಹವೆಯಿಂದಲೋ ಗೊತ್ತಾಗುವುದಿಲ್ಲ.