ಅಪ್‌ಡೇಟ್: ತರಗತಿಯ ಮೌನಕ್ಕೆ ಯಾವ ವಿಧಾನ?

ಕಾರವಾರದ ಪಿಯು ಇಂಗ್ಲಿಷ್ ತರಗತಿಯ ಮೌನವನ್ನು ಅಧ್ಯಯನ ಮಾಡಲು ಬರೀ ಸಂದರ್ಶನ ಸಾಕೇ ಎಂದು ಕೇಳಿದ್ದೆ. ಸಾಲದು. ‘ಯಾಕೆ ಸುಮ್ಮನಿದ್ದೆ?’ ಎಂದರೆ ‘ಹೆದರಿಕೆ ಸರ್’ ಎಂಬ ಒಂದೇ ಉತ್ತರ. ಯಾವ ಗಳಿಗೆಯ ಮೌನ ಎಂಬುದೇ ತಿಳಿಯುವುದಿಲ್ಲ.

ಹಾಗಾಗಿ ಸಂಭಾಷಣಾ ವಿಶ್ಲೇಷಣೆ, ಅಂದರೆ ರೆಕಾರ್ಡ್ ಮಾಡಿದ ಮಾತುಕತೆಯನ್ನು ಕ್ಷಣಕ್ಷಣವಾಗಿ ಪರಿಶೀಲಿಸುವ ವಿಧಾನ, ಆಯ್ದುಕೊಂಡಿದ್ದೇನೆ. ಮಾತನ್ನು ವಿರಾಮಗಳ ಸಮೇತ ಬರಹಕ್ಕಿಳಿಸುವ ಜೆಫರ್ಸನ್ ಪದ್ಧತಿಯಲ್ಲಿ ವಿರಾಮವನ್ನು ಸೆಕೆಂಡಿನ ಹತ್ತನೇ ಭಾಗದ ಲೆಕ್ಕದಲ್ಲಿ ಅಳೆದು (0.8) ಎಂದು ಬರೆಯಬೇಕು, 0.2 ಸೆಕೆಂಡಿಗಿಂತ ಕಡಿಮೆಯಿದ್ದರೆ ಆವರಣದಲ್ಲಿ ಚುಕ್ಕಿ ಮಾತ್ರ. ಟೀಚರ್ ಪ್ರಶ್ನೆ ಕೇಳಿ ಒಂದೇ ಸೆಕೆಂಡಿನಲ್ಲಿ ತಾವೇ ಉತ್ತರ ಹೇಳಿಬಿಟ್ಟರೆ ಅದನ್ನು ವಿದ್ಯಾರ್ಥಿಯ ಮೌನ ಎನ್ನುವುದು ಅನ್ಯಾಯ.

ಒಂದು ಕ್ಯಾಮೆರಾ ವಿದ್ಯಾರ್ಥಿಗಳ ಮುಖದ ಕಡೆಗಿರಲೇಬೇಕು. ಪಕ್ಕದವಳ ಕಿವಿಯಲ್ಲಿ ಕೊಂಕಣಿಯಲ್ಲಿ ಪಿಸುಗುಟ್ಟಿದ ಸರಿಯುತ್ತರ ಆಡಿಯೊದಲ್ಲಿ ಸಿಗುವುದಿಲ್ಲ. ಜುಲೈ ಮಳೆಗೆ ತಗಡಿನ ಮಾಡಿನಡಿ ಏನೂ ಕೇಳಿಸದು. ರೆಕಾರ್ಡಿಂಗ್ ನವೆಂಬರ್ ನಂತರವೇ.

ರೆಕಾರ್ಡಿಂಗ್ ಆದ ಎರಡು ದಿನದೊಳಗೆ ಮೌನದ ಆ ತುಣುಕನ್ನು ವಿದ್ಯಾರ್ಥಿಗೆ ತೋರಿಸಿ, ಆಗ ಯಾಕೆ ಸುಮ್ಮನಿದ್ದೆ ಎಂದು ಕೊಂಕಣಿಯಲ್ಲೇ ಕೇಳಬೇಕು. ತಡವಾದರೆ ನೆನಪಿನ ಬದಲು ಊಹೆ ಬರುತ್ತದೆ. 18 ತುಂಬದವರಿಗೆ ಪಾಲಕರ ಒಪ್ಪಿಗೆಯೂ ಬೇಕು.