ಖಾಲಿ ಜಾಗ ಬಿಟ್ಟ ಪುಟಕ್ಕೆ ಸಹಿ ಹಾಕಬೇಡ

ಮಗಳೇ, ನೀನು ನಿರ್ದೇಶಕಿಯಾಗಿರುವ ಪತ್ತಿನ ಸಹಕಾರ ಸಂಘದಲ್ಲಿ ಅಧ್ಯಕ್ಷರು ಲೆಕ್ಕಪತ್ರ ತೋರಿಸದೆ, ಸಭೆಯ ತೀರ್ಮಾನ ಬರೆಯುವ ನಡಾವಳಿ ಪುಸ್ತಕವನ್ನು ಮುಂದಿಟ್ಟು ‘ಮೊದಲು ಸಹಿ ಮಾಡಿ’ ಎನ್ನುತ್ತಾರೆ, ಏನು ಮಾಡಲಿ ಎಂದು ಬೆಳಿಗ್ಗೆ ಕೇಳಿದ್ದೀಯೆ. ನಿನ್ನ ದೊಡ್ಡಪ್ಪನಾದ ನಾನು ಅಂಥದೇ ನಿರ್ದೇಶಕನ ಕುರ್ಚಿಯಲ್ಲಿ ಕೂತು ಏನು ಅನುಭವಿಸಿದೆ ಎಂಬುದು ನಮ್ಮ ಬಳಗದ ಹಿರಿಯರಿಗೆಲ್ಲ ಗೊತ್ತು. ಖಾಲಿ ಜಾಗ ಬಿಟ್ಟ ಪುಟಕ್ಕೆ ಸಹಿ ಹಾಕಬೇಡ.

ನಮ್ಮೂರ ಸಂಘದ ಅಧ್ಯಕ್ಷರು ಒಮ್ಮೆಯೂ ದನಿ ಏರಿಸಿದವರಲ್ಲ. ಮಗಳ ಮದುವೆಗೋ ಗೊಬ್ಬರಕ್ಕೋ ಸಾಲ ಕೇಳಿದವರ ಮನೆಗೆ ಮಂಜೂರಾತಿ ಪತ್ರವನ್ನು ತಾವೇ ಒಯ್ದು ಕೊಡುತ್ತಿದ್ದರು. ಹಣ ಸಂಘದ್ದು, ಋಣ ಮಾತ್ರ ಅವರದ್ದಾಗುತ್ತಿತ್ತು. ಕಾರ್ಯದರ್ಶಿ ಅವರೇ ತಂದು ಕೂರಿಸಿದ ಹುಡುಗನಾದ್ದರಿಂದ ಸಭೆಯ ವಿಷಯಪಟ್ಟಿ ಅವರ ಮನೆಯಲ್ಲೇ ಸಿದ್ಧವಾಗುತ್ತಿತ್ತು, ಬೇಡದವರಿಗೆ ಸಭೆಯ ತಿಳಿವಳಿಕೆ ಪತ್ರ ಸಭೆ ಮುಗಿದ ಮೇಲೆ ತಲುಪುತ್ತಿತ್ತು, ಹಾಗೆ ಗೈರಾದವರ ಹೆಸರು ಮುಂದೆ ಮತದಾರರ ಪಟ್ಟಿಯಲ್ಲೇ ಇರುತ್ತಿರಲಿಲ್ಲ. ಮೂರನೆಯ ಚುನಾವಣೆಯಲ್ಲಿ ಅವರು ಅವಿರೋಧವಾಗಿ ಆಯ್ಕೆಯಾದರು. ಸಾಹುಕಾರರ ಹಿಡಿತದಿಂದ ರೈತ ಬಿಡಿಸಿಕೊಳ್ಳಲಿ ಎಂದು 1905ರಲ್ಲಿ ಸಿದ್ದನಗೌಡ ಪಾಟೀಲರು ಗದಗದ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದರು. ಷೇರು ಎಷ್ಟೇ ಇರಲಿ ಒಬ್ಬರಿಗೆ ಒಂದೇ ಮತ ಎಂಬ ನಿಯಮವಿರುವ ಅಂಥ ವ್ಯವಸ್ಥೆಯೊಳಗೇ ನಮ್ಮೂರಿನಲ್ಲಿ ಇನ್ನೊಬ್ಬ ಸಾಹುಕಾರ ಹುಟ್ಟಿಕೊಂಡ.

ಒಂದು ಸಂಜೆ ಸಭೆ ಮುಗಿದಾಗ ನಡಾವಳಿಯ ಪುಟದಲ್ಲಿ ನಾಲ್ಕು ಠರಾವುಗಳಿದ್ದವು, ಅಂದರೆ ಸಭೆಯ ನಿರ್ಣಯಗಳು, ಅವುಗಳ ಕೆಳಗೆ ನಾಲ್ಕು ಬೆರಳಿನಷ್ಟು ಜಾಗ ಖಾಲಿ ಇತ್ತು. ಕೊನೆಯ ಬಸ್ಸಿಗೆ ಹೊತ್ತಾಯಿತೆಂದು ನಾನು ಸಹಿ ಮಾಡಿ ಎದ್ದೆ. ಎರಡು ವರ್ಷಗಳ ಮೇಲೆ ಸಹಕಾರ ಕಾಯ್ದೆಯ 64ನೇ ಕಲಮಿನಡಿ ಸಂಘದ ವ್ಯವಹಾರದ ವಿಚಾರಣೆ ನಡೆದಾಗ ಅಧಿಕಾರಿಗಳು ಅದೇ ಪುಟವನ್ನು ನನ್ನೆದುರು ತೆರೆದಿಟ್ಟರು. ಖಾಲಿ ಇದ್ದ ಜಾಗದಲ್ಲಿ, ಸಣ್ಣ ಅಕ್ಷರಗಳಲ್ಲಿ, ಭದ್ರತೆಯಿಲ್ಲದೆ ಸಾಲ ಕೊಡುವ ಐದನೆಯ ಠರಾವು ಬಂದು ಕೂತಿತ್ತು, ಅದರ ಕೊನೆಯ ಸಾಲು ನನ್ನ ಸಹಿಯ ತಲೆಗೆ ತಾಗಿತ್ತು. 69ನೇ ಕಲಮಿನಡಿ ನಷ್ಟವನ್ನು ನಿರ್ದೇಶಕರಿಂದಲೇ ವಸೂಲಿ ಮಾಡಿದಾಗ ನನ್ನ ಪಾಲಿಗಾಗಿ ನಿನ್ನ ದೊಡ್ಡಮ್ಮನ ಬಳೆಗಳು ಹೋದವು. ಆದ್ದರಿಂದ ಮತ್ತೊಮ್ಮೆ ಹೇಳುತ್ತೇನೆ, ಖಾಲಿ ಜಾಗವಿರುವ ಪುಟಕ್ಕೆ ಸಹಿ ಹಾಕಬೇಡ.

ಹಣ ಹೋದದ್ದಕ್ಕಿಂತ ಹೆಚ್ಚು ನೋವು ಕೊಟ್ಟದ್ದು ನಮ್ಮವರ ಮಾತು. ಉಪನಯನದ ಪಂಕ್ತಿಯಲ್ಲಿ, ನಾನು ಕೇಳುವಂತೆಯೇ, ‘ಇವನಿಗೂ ಪಾಲು ಸಿಕ್ಕಿರಬೇಕು’ ಎಂದರು. ಹಾಗೆಂದವರು ಒಂದು ವಾರ್ಷಿಕ ಮಹಾಸಭೆಗೂ ಬಂದು ಲೆಕ್ಕ ಕೇಳಿದವರಲ್ಲ. ಬಂದ ಒಬ್ಬಿಬ್ಬರೂ ವರದಿ ಓದುವ ಮೊದಲೇ ಊಟಕ್ಕೆ ಎದ್ದಿದ್ದರು. ಇಂದಿಗೂ ಅವರಲ್ಲಿ ಯಾರೂ ಆ ಮಾತನ್ನು ಹಿಂತೆಗೆದುಕೊಂಡಿಲ್ಲ.

ನೀನು ಕೇಳಿದ್ದಕ್ಕೆ ಉತ್ತರ ಹೇಳುವುದೇ ಉಳಿಯಿತು. ಕೊನೆಯ ಠರಾವಿನ ಕೆಳಗಿನ ಖಾಲಿ ಜಾಗಕ್ಕೆ ಅಡ್ಡಗೆರೆ ಎಳೆ, ನಾಲ್ಕು ಠರಾವುಗಳಿದ್ದರೆ ಸಹಿಯ ಪಕ್ಕದಲ್ಲಿ ‘ಒಟ್ಟು ಠರಾವು ನಾಲ್ಕು’ ಎಂದು ಅಕ್ಷರದಲ್ಲಿ ಬರೆದು ದಿನಾಂಕ ಹಾಕು. ಒಪ್ಪಿಗೆಯಿಲ್ಲದ ಠರಾವಿಗೆ ನಿನ್ನ ಭಿನ್ನಾಭಿಪ್ರಾಯವನ್ನು ಪುಸ್ತಕದಲ್ಲೇ ದಾಖಲಿಸಲು ಹೇಳು. ಅವರು ದಾಖಲಿಸದಿದ್ದರೆ ಅಂದೇ ಪತ್ರ ಬರೆದು ಕಚೇರಿಗೆ ಕೊಟ್ಟು, ಪ್ರತಿಯ ಮೇಲೆ ಮೊಹರು ಹಾಕಿಸಿಕೊಂಡು ಬಾ. ಮೊಹರು ಹಾಕಲು ಒಪ್ಪದಿದ್ದರೆ ಅದೇ ಪತ್ರವನ್ನು ಸಹಕಾರ ಸಂಘಗಳ ಸಹಾಯಕ ನಿಬಂಧಕರ ಕಚೇರಿಗೆ ಅಂಚೆಯಲ್ಲಿ ಕಳುಹಿಸಿ ರಸೀದಿ ಇಟ್ಟುಕೋ. ಮುಂದಿನ ಸಭೆ ಯಾವತ್ತು ಎಂದು ತಿಳಿಸು, ಪತ್ರದ ಒಕ್ಕಣೆಯನ್ನು ನಾನು ಬರೆದುಕೊಡುತ್ತೇನೆ.